ಎಲೆ ಉದುರಿದ ಮೇಲೆ ಮದ್ದು

ಫೆಬ್ರುವರಿ ಕೊನೆಯ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕಣಿವೆಯಲ್ಲಿ ಪೀಚ್ ಮರಗಳು ಹೂವಾಗುತ್ತವೆ. ಆಗಿನ್ನೂ ಎಲೆ ಬಂದಿರುವುದಿಲ್ಲ. ಬೋಳು ಕೊಂಬೆಗಳ ತುಂಬ ಗುಲಾಬಿ ಬಣ್ಣದ ಹೂವೇ ಹೂವು. ಸನ್ನಿವೇಲ್, ಕ್ಯೂಪರ್ಟಿನೊ, ಸ್ಯಾನ್ ಹೊಸೆಯ ಬೀದಿಗಳಲ್ಲಿ ನಡೆದು ಹೋದರೆ ಮರದ ಬೇಲಿಗಳ ಮೇಲಿಂದ ಆ ಬಣ್ಣ ಇಣುಕುತ್ತಿರುತ್ತದೆ. ಹೂ ಉದುರುತ್ತಿದ್ದಂತೆ ಎಳೆ ಹಸಿರು ಚಿಗುರು ಹೊರಡುತ್ತದೆ. ಆ ದಿನಗಳಲ್ಲಿ ಮಳೆ ಬಿಡದೆ ಹಿಡಿದರೆ, ಏಪ್ರಿಲ್ ಬರುವಷ್ಟರಲ್ಲಿ ಮರದ ರೂಪವೇ ಕೆಡುತ್ತದೆ. ಎಲೆಗಳು ಕೆಂಪಾಗಿ ಉಬ್ಬಿ, ಸುಕ್ಕುಗಟ್ಟಿ, ತಿರುಚಿಕೊಂಡು ನೇತಾಡುತ್ತವೆ. ಮಕ್ಕಳನ್ನು ಕನ್ನಡ ತರಗತಿಗೆ ಬಿಡಲು ಬಂದ ಅಪ್ಪ ಅಮ್ಮಂದಿರು ಫೋನ್ ತೆಗೆದು ಅದರ ಫೋಟೊ ತೋರಿಸುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: 'ಇದಕ್ಕೆ ಏನು ಹೊಡೀಬೇಕು?'

ಈಗ ಏನೂ ಹೊಡೆಯಬೇಡಿ ಎಂಬುದೇ ಉತ್ತರ. ಕೇಳಿದವರಿಗೆ ನಿರಾಸೆಯಾಗುತ್ತದೆ. ಆದರೆ ಪೀಚ್ ಮರದ ಎಲೆ ಮುರುಟು ರೋಗದ ವಿಷಯದಲ್ಲಿ ಕಣ್ಣಿಗೆ ಕಂಡ ಮೇಲೆ ಕೊಡುವ ಔಷಧಿ ನೀರಿನಲ್ಲಿ ಹೋಮ. ಇದಕ್ಕೆ ಮದ್ದು ಹಾಕಬೇಕಾದದ್ದು ಮರದ ಮೇಲೆ ಒಂದು ಎಲೆಯೂ ಇಲ್ಲದ ಚಳಿಗಾಲದಲ್ಲಿ. ಯಾಕೆ ಹಾಗೆ ಎಂಬುದು ಮನಸ್ಸಿಗೆ ಬಂದರೆ ಅರ್ಧ ಮರ ಉಳಿದಂತೆಯೇ.

ಎಲೆಯಲ್ಲಿ ಕಾಣುವುದು

ರೋಗ ತಗುಲಿದ ಒಂದು ಎಲೆ ಕಿತ್ತು ಅಂಗೈ ಮೇಲಿಟ್ಟು ನೋಡಬೇಕು. ಆರೋಗ್ಯವಾದ ಪೀಚ್ ಎಲೆ ಮಾವಿನ ಚಿಗುರಿನ ಹಾಗೆ ಉದ್ದ, ತೆಳು, ನಡುನರದ ಗುಂಟ ತುಸು ಮಡಿಚಿದಂತೆ ಇರುತ್ತದೆ. ರೋಗದ ಎಲೆಯಲ್ಲಿ ಅನೇಕ ಸಲ ನರದ ಒಂದು ಬದಿ ಉಬ್ಬಿ, ಇನ್ನೊಂದು ಬದಿ ನೆಟ್ಟಗೇ ಉಳಿದು, ಇಡೀ ಎಲೆ ಪಕ್ಕಕ್ಕೆ ತಿರುಚಿಕೊಂಡಿರುತ್ತದೆ. ಉಬ್ಬಿದ ಭಾಗ ಮೊದಲು ತಿಳಿಗೆಂಪು, ಆಮೇಲೆ ಕಡುಗೆಂಪು. ಬೆರಳಿನಿಂದ ಒತ್ತಿದರೆ ದಪ್ಪ ಗೊತ್ತಾಗುತ್ತದೆ. ಮಡಚಲು ಹೋದರೆ ಬಾಗದೆ ಮುರಿಯುತ್ತದೆ. ಇನ್ನೂ ಕೆಲವು ದಿನ ಬಿಟ್ಟು ನೋಡಿದರೆ ಆ ಕೆಂಪಿನ ಮೇಲೆ ಬೂದು ಬಿಳಿಯ ಪುಡಿ ಸವರಿದಂತೆ ಕಾಣುತ್ತದೆ. ಆ ಪುಡಿಯೇ ಬೀಜಕಣ. ಬಳಿಕ ಎಲೆ ಹಳದಿಯಾಗಿ, ಕಂದಾಗಿ ಉದುರುತ್ತದೆ.

ಮುರುಟಿದ ಎಲೆಯೆಲ್ಲ ಈ ರೋಗದ್ದೇ ಎಂದುಕೊಳ್ಳಬಾರದು. ಸಸ್ಯಹೇನು ಹತ್ತಿದರೂ ಪೀಚ್ ಎಲೆ ಸುರುಳಿಯಾಗುತ್ತದೆ. ಆಗ ಎಲೆಯ ಅಡಿ ಮಗುಚಿ ನೋಡಿದರೆ ಹೇನುಗಳ ಗುಂಪು, ಅಂಟು ರಸ, ಅದಕ್ಕೆ ಮುತ್ತಿದ ಇರುವೆ ಕಾಣುತ್ತವೆ. ಎಲೆ ಹಸಿರಾಗಿಯೇ, ತೆಳ್ಳಗೇ ಇರುತ್ತದೆ. ಪೀಚ್ ಕಣಿವೆ ಎಂದೇ ಹೆಸರಾದ ಹಿಮಾಚಲ ಪ್ರದೇಶದ ರಾಜ್‌ಗಢದಂಥ ಕಡೆ ಬೆಳೆಗಾರರಿಗೆ ಈ ಹೇನಿನ ಕಾಟವೂ ದೊಡ್ಡದು. ಎಲೆಯಲ್ಲಿ ಸಣ್ಣ ಸಣ್ಣ ಕಂದು ಚುಕ್ಕೆ ಬಿದ್ದು, ಅವು ಉದುರಿ ತೂತಾಗಿದ್ದರೆ ಅದು 'ಶಾಟ್ ಹೋಲ್' ಎಂಬ ಬೇರೆ ರೋಗ. ದಪ್ಪ, ಕೆಂಪು, ಸುಕ್ಕು ಮೂರೂ ಒಟ್ಟಿಗೆ ಇದ್ದರೆ ಮಾತ್ರ ಇದು ಮುರುಟು ರೋಗ. ನೆಕ್ಟರಿನ್ ಮರಕ್ಕೂ ಇದು ಬರುತ್ತದೆ. ಪಕ್ಕದಲ್ಲೇ ಇರುವ ಏಪ್ರಿಕಾಟ್, ಪ್ಲಮ್ ಮರಗಳಿಗೆ ಸಾಮಾನ್ಯವಾಗಿ ಇದರ ಭಯವಿಲ್ಲ.

ರೋಗಕ್ಕೆ ಕಾರಣವಾದ ಶಿಲೀಂಧ್ರದ ಹೆಸರು ಟಫ್ರೀನಾ ಡಿಫಾರ್ಮನ್ಸ್. ಇದಕ್ಕೆ ಎರಡು ಬಗೆಯ ಬದುಕು. ಎಳೆ ಎಲೆಯೊಳಗೆ ಹೊಕ್ಕಾಗ ದಾರದ ಎಳೆಗಳಂತೆ ಜೀವಕೋಶಗಳ ನಡುವೆ ಹರಡಿ, ಬೆಳವಣಿಗೆಯ ಹಾರ್ಮೋನುಗಳ ಲೆಕ್ಕ ತಪ್ಪಿಸುತ್ತದೆ. ಕೋಶಗಳು ಅಂಕೆ ಮೀರಿ ಹಿಗ್ಗುತ್ತವೆ, ಒಡೆದು ಹೆಚ್ಚುತ್ತವೆ. ಎಲೆಯ ಸುಕ್ಕು, ದಪ್ಪ ಎಲ್ಲ ಇದರ ಫಲ. ಎಲೆಯ ಮೇಲೆ ಹುಟ್ಟಿದ ಬೀಜಕಣಗಳು ಗಾಳಿ, ನೀರಿನೊಂದಿಗೆ ತೊಗಟೆಗೂ ಮೊಗ್ಗಿನ ಸಂದಿಗಳಿಗೂ ಬಂದು ಕೂತ ಮೇಲೆ ಅದರ ಎರಡನೇ ಬದುಕು ಶುರು. ಅಲ್ಲಿ ಅದು ಯೀಸ್ಟ್‌ನಂಥ ಬಿಡಿ ಕಣವಾಗಿ, ಮರಕ್ಕೆ ಏನೂ ಮಾಡದೆ, ಇಡೀ ಬೇಸಿಗೆ ಕಳೆಯುತ್ತದೆ. ಕ್ಯಾಲಿಫೋರ್ನಿಯಾದ ಒಣ ಬಿಸಿಲನ್ನೂ ತಡೆದುಕೊಳ್ಳುತ್ತದೆ. ಹಿಂಗಾರಿನ ಕಾಲದ ಮಳೆ ಬಂದಾಗ ತೊಗಟೆಯ ಮೇಲೆಯೇ ಮೊಳೆತು ಹೆಚ್ಚುತ್ತದೆ. ವಸಂತದಲ್ಲಿ ಮೊಗ್ಗು ಉಬ್ಬಿ ಬಾಯಿ ಬಿಟ್ಟ ಕೂಡಲೆ ಮಳೆನೀರಿನೊಂದಿಗೆ ಒಳಗೆ ಇಳಿಯುತ್ತದೆ.

ಎಲೆ ಬಿಚ್ಚಿಕೊಳ್ಳುವ ಮೊದಲೇ ಸೋಂಕು ಹೊಕ್ಕಿರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಕಣ್ಣಿಗೆ ಕಾಣಲು ಎರಡು ವಾರದ ತನಕ ಹಿಡಿಯಬಹುದು. ನಾವು ಫೋಟೊ ತೆಗೆಯುವ ಹೊತ್ತಿಗೆ ಶಿಲೀಂಧ್ರ ಎಲೆಯೊಳಗೆ, ಹೊರಗಿನ ಔಷಧಿಗೆ ಎಟುಕದ ಕಡೆ ಕೂತಿರುತ್ತದೆ. ಅದು ನಮ್ಮ ಕೈಗೆ ಸಿಗುವುದು ತೊಗಟೆಯ ಮೇಲೆ ಸುಮ್ಮನೆ ಕೂತ ತಿಂಗಳುಗಳಲ್ಲಿ ಮಾತ್ರ.

ಮಳೆಯ ಲೆಕ್ಕ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಮಗ್ರ ಕೀಟ ನಿರ್ವಹಣಾ ವಿಭಾಗ ಮನೆತೋಟದವರಿಗಾಗಿ ಈ ರೋಗದ ಲೆಕ್ಕ ಹಾಕಿಟ್ಟಿದೆ. ಸೋಂಕು ತಗುಲಬೇಕಾದರೆ ಹೊರಡುತ್ತಿರುವ ಎಲೆಯ ಮೇಲೆ ನೀರು ಸತತ 12.5 ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲಬೇಕು. ಉಷ್ಣಾಂಶ 16 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು. ಎರಡು ದಿನ, ಅದಕ್ಕೂ ಹೆಚ್ಚು ಮರ ತೊಯ್ದೇ ಇದ್ದರೆ ಸೋಂಕು ಅತಿ ಹೆಚ್ಚು. ಹವೆ ಒಣಗಿ 26 ಡಿಗ್ರಿ ದಾಟಿದರೆ ರೋಗ ತಾನಾಗಿಯೇ ನಿಲ್ಲುತ್ತದೆ. ಈ ಕಡೆ ಮಳೆಗಾಲವೆಂದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ, ಬೇಸಿಗೆಯಲ್ಲಿ ಹನಿ ಇಲ್ಲ. ಹಾಗಾಗಿ ಮಳೆ ಕಡಿಮೆಯಾದ ವರ್ಷ ರೋಗದ ಸುದ್ದಿಯೇ ಇರುವುದಿಲ್ಲ. ಕಳೆದ ವರ್ಷ ಏನೂ ಮಾಡದೆ ಮರ ಚೆನ್ನಾಗಿತ್ತಲ್ಲ ಎಂದು ಜನ ನಿಶ್ಚಿಂತರಾಗುತ್ತಾರೆ. 2023ರ ಮೊದಲ ತಿಂಗಳುಗಳಲ್ಲಿ ಮೋಡದ ಸಾಲಿನ ಮೇಲೆ ಸಾಲು ಬಂದು ಸುರಿದಂಥ ವರ್ಷ ಆ ನಿಶ್ಚಿಂತೆಗೆ ಬೆಲೆ ತೆರಬೇಕಾಗುತ್ತದೆ. ಕಣಗಳು ಒಣ ವರ್ಷದಲ್ಲೂ ತೊಗಟೆಯ ಮೇಲೆ ಇದ್ದೇ ಇರುತ್ತವೆ.

ಔಷಧಿಯ ದಿನವನ್ನು ಈ ಲೆಕ್ಕವೇ ಗೊತ್ತು ಮಾಡುತ್ತದೆ. ಮರದ ಎಲೆ ಬಹುಪಾಲು, ಅಂದರೆ ನೂರಕ್ಕೆ 90ರಷ್ಟು ಉದುರಿದ ಮೇಲೆ, ನವೆಂಬರ್ ಕೊನೆಯ ಹೊತ್ತಿಗೆ, ಒಂದು ಸಲ. ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ ಬರುವುದೂ ಅದೇ ವಾರ, ನೆನಪಿಡಲು ಸುಲಭ. ಮಳೆ ಹೆಚ್ಚು ಬೀಳುವ ಜಾಗವಾದರೆ ಚಳಿಗಾಲದ ಕೊನೆಗೆ, ಮೊಗ್ಗು ಉಬ್ಬುವ ಮೊದಲು, ಇನ್ನೊಂದು ಸಲ. ಮೊಗ್ಗಿನ ತುದಿಯಲ್ಲಿ ಹಸಿರು ಕಂಡಿತೆಂದರೆ ಗಡುವು ಮುಗಿಯಿತು.

ಇದು ಹೊಸ ತಿಳಿವಳಿಕೆಯೇನಲ್ಲ. ನ್ಯೂಟನ್ ಪಿಯರ್ಸ್ ಎಂಬ ಅಮೆರಿಕದ ಸಸ್ಯರೋಗ ವಿಜ್ಞಾನಿ ಈ ಒಂದು ರೋಗದ ಬಗೆಗೇ ದೊಡ್ಡ ವರದಿ ಬರೆದು, ಅಮೆರಿಕದ ಕೃಷಿ ಇಲಾಖೆ ಅದನ್ನು 1900ರಲ್ಲಿ ಪ್ರಕಟಿಸಿತು. ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಪ್ರಯೋಗ ಮಾಡಿದ್ದ ಅವರು, ಮರ ಮಲಗಿರುವ ಕಾಲದಲ್ಲಿ ಬೋಳು ಕೊಂಬೆಗಳಿಗೆ ತಾಮ್ರದ ದ್ರಾವಣ ಹೊಡೆದರೆ ರೋಗ ಹತೋಟಿಗೆ ಬರುತ್ತದೆ ಎಂದು ತೋರಿಸಿಕೊಟ್ಟರು. ಅವರು ನೆಚ್ಚಿದ ಮದ್ದುಗಳಲ್ಲಿ ಮುಖ್ಯವಾದದ್ದು ಬೋರ್ಡೋ ದ್ರಾವಣ. ಆ ಹೆಸರು ಕೇಳಿದರೆ ಮಲೆನಾಡಿನವರ ಕಿವಿ ನೆಟ್ಟಗಾಗುತ್ತದೆ.

ಮೈಲುತುತ್ತ, ಸುಣ್ಣ, ಕಬ್ಬಿಣದ ಮೊಳೆ

ಫ್ರಾನ್ಸಿನ ಮೆಡಾಕ್ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುವ ರೂಢಿ ಇತ್ತು. 1882ರಲ್ಲಿ ಸುತ್ತಲಿನ ತೋಟವೆಲ್ಲ ಬೂಜುರೋಗಕ್ಕೆ ಎಲೆ ಉದುರಿಸಿ ನಿಂತಿದ್ದಾಗ ಆ ಬಳ್ಳಿಗಳು ಹಸಿರಾಗಿದ್ದದ್ದನ್ನು ಬೋರ್ಡೋ ವಿಶ್ವವಿದ್ಯಾಲಯದ ಮಿಲಾರ್ಡೆ ಗಮನಿಸಿದರು. 1885ರಲ್ಲಿ ಅವರು ಪ್ರಕಟಿಸಿದ ಪಾಕ ಲೋಕವನ್ನೆಲ್ಲ ಸುತ್ತಿತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆರೋಗದ ಬೆನ್ನು ಹತ್ತಿ, ಇದೇ ದ್ರಾವಣವನ್ನು ಕೊನೆಗಳಿಗೆ ಹೊಡೆಸಿ, 1910ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಅಲ್ಲಿಂದ ಇವತ್ತಿನವರೆಗೆ ಮುಂಗಾರಿಗೆ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ ಅಡಿಕೆಗೆ ಔಷಧಿ ಹೊಡೆಯುವುದು ಮಲೆನಾಡಿನ ವರ್ಷಚಕ್ರದಲ್ಲಿ ಸೇರಿಹೋಗಿದೆ.

ಪೀಚ್‌ಗೆ ಶಿಫಾರಸಾದ ಬೋರ್ಡೋ ಪ್ರಮಾಣ ಇಲ್ಲಿನ ಅಳತೆಯಲ್ಲಿ 10–10–100: 10 ಪೌಂಡ್ ಮೈಲುತುತ್ತ, 10 ಪೌಂಡ್ ಸುಣ್ಣ, 100 ಗ್ಯಾಲನ್ ನೀರು. ನಮ್ಮ ಅಳತೆಗೆ ತಿರುಗಿಸಿದರೆ 10 ಲೀಟರ್‌ಗೆ 120 ಗ್ರಾಂ ಮೈಲುತುತ್ತ, 120 ಗ್ರಾಂ ಅರಳಿದ ಸುಣ್ಣ. ಅಡಿಕೆಗೆ ಹೊಡೆಯುವ ಶೇಕಡಾ 1ರ ದ್ರಾವಣದಲ್ಲಿ ಇದು 100 ಗ್ರಾಂ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಪಾಕ.

ಸನ್ನಿವೇಲಿನ ಗೆಳೆಯರೊಬ್ಬರ ಮನೆಗೆ ನವೆಂಬರ್‌ನಲ್ಲಿ ಅವರ ತಂದೆ ಬಂದಿದ್ದರು. ಕೊಪ್ಪದ ಕಡೆಯವರು, ತೋಟವನ್ನು ಹಿರಿಮಗನಿಗೆ ವಹಿಸಿದವರು. ಹಿತ್ತಿಲಿನ ಪೀಚ್ ಮರದ ಕಥೆ ಹೇಳಿದಾಗ ಅವರು ಕೇಳಿದ ಮೊದಲ ಮಾತು, 'ಇಲ್ಲಿ ಮಳೆ ಹಿಡಿಯೋದು ಯಾವಾಗ?' ರೋಗದ ಹೆಸರು ಅವರು ಆಮೇಲೆ ಕೇಳಿದರು. ಔಷಧಿ ಮಾಡುವ ದಿನ ಎರಡು ಪ್ಲಾಸ್ಟಿಕ್ ಬಕೆಟ್ ತರಿಸಿದರು. ಒಂದರಲ್ಲಿ ಅರ್ಧ ನೀರಿಗೆ ಮೈಲುತುತ್ತ ಕರಗಿಸಿ, ಇನ್ನೊಂದರಲ್ಲಿ ಉಳಿದರ್ಧಕ್ಕೆ ಸುಣ್ಣ ಕದಡಿ ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹುಯ್ಯುತ್ತ ಕೋಲಿನಿಂದ ತಿರುವುತ್ತ ಹೋದರು. ತಿಳಿ ನೀಲಿಯ ಗಟ್ಟಿ ದ್ರಾವಣವಾಯಿತು.

'ಅಪ್ಪಯ್ಯ, ಇಷ್ಟು ಸಾಕಲ್ಲ? ಪಂಪಿಗೆ ಹುಯ್ಯಲಾ?'

'ತಡಿಯೋ. ಒಂದು ಚಾಕು ತಗಂಬಾ ಮೊದಲು.'

ಸೊಸೆ ಅಡುಗೆಮನೆಯಿಂದ ಚಾಕು ತಂದರು. 'ಮಾವ, ಇದು ಸ್ಟೀಲಿಂದು. ಆಗತ್ತಾ?'

'ಆಗಲ್ಲಮ್ಮ, ಕಬ್ಬಿಣದ್ದೇ ಬೇಕು. ತುಕ್ಕು ಹಿಡೀದ ಒಂದು ಮೊಳೆ ಇದ್ದರೂ ಸಾಕು.'

ಗ್ಯಾರೇಜಿನಲ್ಲಿ ಮೊಳೆ ಸಿಕ್ಕಿತು. ಅದನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದರೆ ಮೇಲೆ ಕೆಂಪು ಛಾಯೆ ಕೂತಿತ್ತು. ದ್ರಾವಣದಲ್ಲಿ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಹಾಗೇ ಹೊಡೆದರೆ ಮರವನ್ನು ಸುಡುತ್ತದೆ ಎಂಬುದರ ಸೂಚನೆ ಅದು. ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ಅಳತೆ ಸರಿಯಾಗಿದ್ದರೂ ಹೀಗಾಗುತ್ತದೆ. ಇನ್ನಷ್ಟು ಸುಣ್ಣದ ನೀರು ಬೆರೆಸಿ, ಮೊಳೆಯನ್ನು ಉಜ್ಜಿ ಮತ್ತೆ ಅದ್ದಿದರು. ಈ ಸಲ ಕಬ್ಬಿಣದ ಬಣ್ಣ ಬದಲಾಗಲಿಲ್ಲ. 'ಈಗ ಹುಯ್ಯಿ' ಎಂದರು.

ಮಾಡಿದ ದ್ರಾವಣವನ್ನು ಅದೇ ದಿನ ಬಳಸಬೇಕು. ಕಬ್ಬಿಣದ ಪಾತ್ರೆ ಕೂಡದು. ಕೈಗವಸು, ಕನ್ನಡಕ, ಮೂಗಿಗೆ ಬಟ್ಟೆ ಇಲ್ಲದೆ ಮುಟ್ಟಬಾರದು. ಸುಣ್ಣವೂ ಮೈಲುತುತ್ತವೂ ಕಣ್ಣಿಗೆ ಕೆಟ್ಟವು. ಕೊಂಬೆಯ ಸುತ್ತ, ರೆಂಬೆಯ ತುದಿಗೂ, ಮೊಗ್ಗಿನ ಸಂದಿಗೂ ತಲುಪಿ ತೊಟ್ಟಿಕ್ಕುವ ತನಕ ಹೊಡೆಯಬೇಕು. ಒಂದು ಬದಿ ಒಣಗಿದ್ದರೆ ಆ ಬದಿಯ ಎಲೆ ಮಾತ್ರ ಮುರುಟಿ, ಎಲ್ಲಿ ತಪ್ಪಿತೆಂದು ಏಪ್ರಿಲ್‌ನಲ್ಲಿ ಮರವೇ ತೋರಿಸುತ್ತದೆ. ಇನ್ನೊಂದು ಎಚ್ಚರಿಕೆ: ಇಲ್ಲಿನ ಅಂಗಡಿಗಳಲ್ಲಿ ಚರಂಡಿ ಕೊಳವೆಯೊಳಗಿನ ಬೇರು ಕೊಲ್ಲಲು ಮಾರುವ ಮೈಲುತುತ್ತವನ್ನು ಗಿಡಕ್ಕೆ ಬಳಸುವ ಹಾಗಿಲ್ಲ. ಗಿಡಕ್ಕೆಂದೇ ಲೇಬಲ್ ಇರುವುದನ್ನು ತರಬೇಕು.

ಅದು ಸಿಗುವುದು ಈಗ ಕಷ್ಟ. ಸಿದ್ಧವಾಗಿ ಬಾಟಲಿಯಲ್ಲಿ ಸಿಗುವ ತಾಮ್ರದ ಔಷಧಿಗಳನ್ನೂ ಬಳಸಬಹುದು. ಲೇಬಲ್ ಮೇಲೆ ಪೀಚ್ ಮತ್ತು ಮುರುಟು ರೋಗದ ಹೆಸರಿದೆಯೇ, 'ಮೆಟಾಲಿಕ್ ಕಾಪರ್ ಈಕ್ವಿವಲೆಂಟ್' ಎಷ್ಟು ಎಂದು ಓದಿ, ತಾಮ್ರದ ಪಾಲು ಹೆಚ್ಚಿರುವುದನ್ನು ಆರಿಸಬೇಕು. ಕೆಲವು ಬಗೆಗಳಿಗೆ ಶೇಕಡಾ 1ರಷ್ಟು ತೋಟಗಾರಿಕೆ ಎಣ್ಣೆ ಬೆರೆಸಿದರೆ ಹಿಡಿತ ಹೆಚ್ಚುತ್ತದೆ. ತಾಮ್ರ ಬೇಡವೆನ್ನುವವರಿಗೆ ಕ್ಲೋರೋಥಲೋನಿಲ್ ಇದೆ. ಹಿಂದೆ ಮನೆಮನೆಯಲ್ಲಿ ಬಳಸುತ್ತಿದ್ದ ಸುಣ್ಣ–ಗಂಧಕದ ದ್ರಾವಣ ಕ್ಯಾಲಿಫೋರ್ನಿಯಾದ ಮನೆತೋಟದವರಿಗೆ ಈಗ ಸಿಗುವುದಿಲ್ಲ.

ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ

ತಾಮ್ರ ಕರಗಿ ಹೋಗುವ ವಸ್ತುವಲ್ಲ. ವರ್ಷ ವರ್ಷ ಹೊಡೆದದ್ದು ಮರದ ಬುಡದ ಮಣ್ಣಿನಲ್ಲಿ ಸೇರುತ್ತಲೇ ಹೋಗುತ್ತದೆ. ಎರೆಹುಳುಗಳಿಗೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದು ವಿಷ. ನೀರು ಸೇರಿದರೆ ಮೀನಿಗೂ ವಿಷ. ಈ ಊರುಗಳ ಬೀದಿಯ ಮಳೆನೀರಿನ ಚರಂಡಿ ಶುದ್ಧೀಕರಣ ಘಟಕಕ್ಕೆ ಹೋಗುವುದಿಲ್ಲ. ನೇರ ಹಳ್ಳಕ್ಕೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಹೋಗುತ್ತದೆ. ಆದ್ದರಿಂದ ಹೊಡೆದ ಮೇಲೆ ಒಂದು ದಿನವಾದರೂ ಮಳೆ ಇಲ್ಲದ ಹೊತ್ತು ನೋಡಿಕೊಳ್ಳಬೇಕು. ಪಂಪು ತೊಳೆದ ನೀರನ್ನು ಬೀದಿಗೆ ಚೆಲ್ಲದೆ ಅದೇ ಮರದ ಮೇಲೆ ಸಿಂಪಡಿಸಿ ಮುಗಿಸಬೇಕು. ಮರದ ಅಡಿಯಲ್ಲಿ ಮೆಂತ್ಯ, ಕೊತ್ತಂಬರಿ ಮಡಿ ಇದ್ದರೆ, ಪಕ್ಕದಲ್ಲಿ ಕರಿಬೇವಿನ ಕುಂಡ ಇದ್ದರೆ ಹಾಳೆ ಹೊದಿಸಬೇಕು. ಕಾಲ ಮೀರಿದ ಮೇಲೆ, ಏಪ್ರಿಲ್‌ನಲ್ಲಿ ಗಾಬರಿಯಿಂದ ಹೊಡೆದ ಔಷಧಿ ರೋಗಕ್ಕೂ ತಾಗದೆ ಮಣ್ಣಿಗೆ ಮಾತ್ರ ಹೊರೆಯಾಗುತ್ತದೆ ಎಂಬುದೇ ನನಗೆ ಹೆಚ್ಚು ಸಂಕಟದ ವಿಷಯ.

ಸಿಂಪಡಣೆಗೆ ಮುಂಚೆ ಕೊಂಬೆ ಸವರಿದರೆ ಔಷಧಿ ಕಡಿಮೆ ಸಾಕು. ತೊಗಟೆಯ ಮೇಲೆ ಕೂತ ಕಣಗಳೂ ಅಷ್ಟು ಕಡಿಮೆ. ಪೀಚ್ ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ರೆಂಬೆಯ ಮೇಲೆ. ಹಾಗಾಗಿ ಅದು ವರ್ಷಕ್ಕೊಮ್ಮೆ ಧಾರಾಳವಾಗಿ ಸವರಿಸಿಕೊಳ್ಳುವ ಮರ. ಕೈಗೆಟಕುವ ಎತ್ತರದಲ್ಲಿ ಇಟ್ಟುಕೊಂಡರೆ ಔಷಧಿ ಹೊಡೆಯುವುದಕ್ಕೂ ಹಣ್ಣು ಕೊಯ್ಯುವುದಕ್ಕೂ ಏಣಿ ಬೇಡ.

ಔಷಧಿ ಇಲ್ಲದ ದಾರಿಯೂ ಒಂದಿದೆ. ನೀರು ನಿಲ್ಲದಿದ್ದರೆ ರೋಗವಿಲ್ಲ ಎಂಬುದೇ ಅದರ ಆಧಾರ. ಬ್ರಿಟನ್ನಿನಲ್ಲಿ ಗೋಡೆಗೆ ಒರಗಿಸಿ ಬೆಳೆಸಿದ ಪೀಚ್ ಮರಗಳಿಗೆ ಚಳಿಗಾಲದಿಂದ ಮೇ ತಿಂಗಳವರೆಗೆ ಪಾಲಿಥೀನ್ ಮಾಡು ಕಟ್ಟಿ, ಹೂವಿಗೆ ದುಂಬಿ ಬರಲೆಂದು ಬದಿಗಳನ್ನು ತೆರೆದಿಡುತ್ತಾರೆ. ಮಲೆನಾಡಿನಲ್ಲಿ ಬೋರ್ಡೋ ಬರುವ ಮೊದಲು ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದದ್ದೂ ಇದೇ ತಿಳಿವಳಿಕೆಯಿಂದ. ಕುಂಡದಲ್ಲಿ ಬೆಳೆಸುವ ಗಿಡ್ಡ ತಳಿಯಾದರೆ ಇನ್ನೂ ಸುಲಭ. ಮಳೆಗಾಲ ಮುಗಿಯುವ ತನಕ ಸೂರಿನಡಿಗೆ ಸರಿಸಿದರಾಯಿತು.

ಹೊಸದಾಗಿ ನೆಡುವವರು ತಳಿ ನೋಡಿ ನೆಡಬೇಕು. ಫ್ರಾಸ್ಟ್, ಇಂಡಿಯನ್ ಫ್ರೀ, ಮ್ಯೂರ್, ಕ್ಯೂ–1–8 ಎಂಬ ಪೀಚ್ ತಳಿಗಳು, ಕ್ರೈಬಿಕ್ ಎಂಬ ನೆಕ್ಟರಿನ್ ಈ ರೋಗವನ್ನು ತಡೆದುಕೊಳ್ಳುತ್ತವೆ. ಫ್ರಾಸ್ಟ್‌ಗೂ ಮೊದಲ ಎರಡು ಮೂರು ವರ್ಷ ಔಷಧಿಯ ಆಸರೆ ಬೇಕು. 1940ರಲ್ಲಿ ಮಿಷಿಗನ್‌ನಿಂದ ಹೊರಬಂದ ರೆಡ್ ಹೇವನ್ ಕೂಡ ಸಾಕಷ್ಟು ಗಟ್ಟಿ. ನರ್ಸರಿಯಲ್ಲಿ ಹಣ್ಣಿನ ಬಣ್ಣದ ಚಿತ್ರ ನೋಡಿ ಗಿಡ ಆರಿಸುವ ಮೊದಲು ಈ ಹೆಸರುಗಳನ್ನು ಕೇಳಬೇಕು.

ರೋಗ ಬಂದೇಬಿಟ್ಟರೆ

ಈ ವರ್ಷ ಮರ ಈಗಾಗಲೇ ಮುರುಟಿದ್ದರೆ ಕಂಗೆಡಬೇಕಾಗಿಲ್ಲ. ಬಿಸಿಲೇರಿದಂತೆ ರೋಗದ ಎಲೆ ಉದುರಿ ಎರಡನೇ ಸಲ ಎಲೆ ಬರುತ್ತದೆ. ಅದು ಸಾಮಾನ್ಯವಾಗಿ ಶುದ್ಧವಾಗಿರುತ್ತದೆ. ಆದರೆ ಮರ ಕೂಡಿಟ್ಟ ಶಕ್ತಿಯನ್ನು ಎರಡು ಸಲ ಖರ್ಚು ಮಾಡಿರುತ್ತದೆ. ಆ ಬೇಸಿಗೆ ಅದಕ್ಕೆ ಆರೈಕೆ ಬೇಕು. ಬೇರಿಗೆ ಆಳವಾಗಿ ಇಳಿಯುವಂತೆ ನೀರು ಕೊಡಿ, ಎಲೆಯ ಮೇಲೆ ಎರಚಬೇಡಿ. ಬುಡಕ್ಕೆ ಮುಚ್ಚಿಗೆ ಹಾಕಿ. ಕಾಯಿಯನ್ನು ಎಂದಿಗಿಂತ ಹೆಚ್ಚು ತೆಳುಮಾಡಿ. ಎಲೆ ಕಡಿಮೆಯಾದ ಮರದ ಮೇಲೆ ಕಾಯಿ ಬಿಸಿಲಿಗೆ ಸುಡುತ್ತದೆ, ಮರಕ್ಕೂ ಭಾರ. ಮುರುಟಿದ ಎಲೆಗಳನ್ನು ಒಂದೊಂದಾಗಿ ಕೀಳುವುದರಿಂದ ರೋಗ ಕಡಿಮೆಯಾದದ್ದು ಕಂಡುಬಂದಿಲ್ಲ. ಹಣ್ಣಿನ ಮೇಲೆ ಕೆಂಪು ಗಂಟು ಕಂಡರೂ ಅದು ರೋಗ ಸಿಪ್ಪೆಗೆ ತಗುಲಿದ ಗುರುತಷ್ಟೆ.

ಒಂದು ವರ್ಷದ ರೋಗಕ್ಕೆ ಮರ ಸಾಯುವುದಿಲ್ಲ. ಹಲವು ವರ್ಷ ಸತತ ಬಿಟ್ಟರೆ ರೆಂಬೆ ಒಣಗುತ್ತ, ಕಾಯಿ ಕಡಿಮೆಯಾಗುತ್ತ, ಕೊನೆಗೆ ತೆಗೆಸಬೇಕಾದ ಸ್ಥಿತಿಗೆ ಬರುತ್ತದೆ. ಪೀಚ್‌ನ ಆಯುಸ್ಸೇ 15–20 ವರ್ಷ. ಅದರಲ್ಲಿ ನಾಲ್ಕೈದು ವರ್ಷ ಹೀಗೆ ಕಳೆದರೆ ಉಳಿದದ್ದೆಷ್ಟು?

ಈ ಕಣಿವೆ ಒಂದು ಕಾಲಕ್ಕೆ ಹಣ್ಣಿನ ತೋಟಗಳ ನಾಡಾಗಿತ್ತು. ಈಗ ಕಂಪ್ಯೂಟರ್ ಕಂಪನಿಗಳಿರುವ ಜಾಗದಲ್ಲಿ ಪ್ರೂನ್, ಏಪ್ರಿಕಾಟ್, ಚೆರ್ರಿ ಮರಗಳು ಮೈಲುಗಟ್ಟಲೆ ಇದ್ದವು. ಸನ್ನಿವೇಲ್ ನಗರಸಭೆ ಉಳಿಸಿಕೊಂಡ ಹತ್ತು ಎಕರೆಯ ಏಪ್ರಿಕಾಟ್ ತೋಟದಂಥ ಕೆಲವು ತುಣುಕು ಬಿಟ್ಟರೆ, ಹಣ್ಣಿನ ಮರ ಉಳಿದಿರುವುದು ಮನೆಗಳ ಹಿತ್ತಿಲುಗಳಲ್ಲಿ. ಅವುಗಳಲ್ಲಿ ಎಷ್ಟೋ ಹಿತ್ತಿಲುಗಳು ಇಂದು ನಮ್ಮವರ ಕೈಯಲ್ಲಿವೆ. ಮನೆಯ ಜೊತೆಗೆ ಬಂದ ಮರವನ್ನು ನೋಡಿಕೊಳ್ಳುವ ಹೊಣೆಯೂ ಬಂದಿದೆ. ವರ್ಷಕ್ಕೆ ಒಂದೆರಡು ಬೆಳಗಿನ ಕೆಲಸವಿದು, ಆದರೆ ತಪ್ಪಿದರೆ ಮುಂದಿನ ವರ್ಷದ ತನಕ ಮತ್ತೆ ಸಿಗದ ಬೆಳಗು. ಅಷ್ಟು ಬಿಡುವಿಲ್ಲ, ಔಷಧಿಯ ಉಸಾಬರಿ ಬೇಡ ಎನ್ನುವವರು ಪೀಚ್ ಬದಲು ಅಂಜೂರ, ದಾಳಿಂಬೆ, ಪರ್ಸಿಮನ್ ನೆಡುವುದು ಒಳ್ಳೆಯದು. ಅವಕ್ಕೆ ಈ ರೋಗವಿಲ್ಲ. ಪೀಚ್ ಇಟ್ಟುಕೊಳ್ಳುವವರು ಕ್ಯಾಲೆಂಡರಿನಲ್ಲಿ ನವೆಂಬರ್ ಕೊನೆಯ ವಾರಕ್ಕೂ ಜನವರಿ ಕೊನೆಯ ವಾರಕ್ಕೂ ಇವತ್ತೇ ಗುರುತು ಹಾಕಿಡಲಿ. ಊರಿನಿಂದ ಬಂದ ಅಪ್ಪನೋ ಮಾವನೋ ಆ ಹೊತ್ತಿಗೆ ಮನೆಯಲ್ಲಿದ್ದರೆ ಔಷಧಿ ಕದಡುವ ಕೆಲಸ ಅವರ ಎದುರಿಗೇ ಆಗಲಿ. ಮಳೆಗೆ ಮುಂಚೆ ಮಾಡಬೇಕಾದ ಕೆಲಸವನ್ನು ಮಳೆಗೆ ಮುಂಚೆಯೇ ಮಾಡಿ ಮುಗಿಸಿ ಅಭ್ಯಾಸವಾದವರು ಅವರು.